ಹೆಪ್ಪಿನ ಸಾಕ್ಷಿ

ದ್ಯಾಮಣ್ಣನನ್ನು ನಾನು ಮೊದಲು ಕಂಡ ದಿನ ಅವನು ನಮ್ಮ ಮನೆಗೆ ಹಾಲು ಹಾಕಲು ಬಂದಿರಲಿಲ್ಲ. ಹಾಕಿದ ಹಾಲನ್ನು ತಿರುಗಿ ಒಯ್ಯಲು ಬಂದಿದ್ದ.

ಆಗ ನಾವು ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆಗೆ ಇದ್ದೆವು. ನಮ್ಮ ಓಣಿಗೆ ಹಾಲು ಹಾಕುತ್ತಿದ್ದವಳು ಅಮ್ಮಿನಬಾವಿಯ ಕಾಳವ್ವ. ಬೆಳಗಿನ ಮೊದಲ ಬಸ್ಸಿಗೆ ಬಂದಿಳಿಯುವಳು. ಅವಳ ಹಾಲಿನ ಕೊಡದ ಮುಚ್ಚಳದ ಮೇಲೆ ಯಾವಾಗಲೂ ಒಂದು ಇದ್ದಲಿಯ ಚೂರು ಇರುತ್ತಿತ್ತು. ಹಾದಿಯಲ್ಲಿ ಹಾಲಿಗೆ ಯಾರ ದೃಷ್ಟಿಯೂ ತಾಗಬಾರದೆಂದು ಅದನ್ನು ಇಡುತ್ತಿದ್ದಳು. ಹಾಲು ಅಳೆದು ಕೊಟ್ಟಮೇಲೆ ಆ ಚೂರನ್ನು ಜೋಪಾನವಾಗಿ ಮತ್ತೆ ಮುಚ್ಚಳದ ಮೇಲಿಟ್ಟುಕೊಂಡು ಮುಂದಿನ ಮನೆಗೆ ನಡೆಯುವಳು.

ಆ ದಿನ ನನ್ನ ಹೆಂಡತಿ ಅಡಿಗೆಮನೆಯಲ್ಲಿ ಮೊಸರಿನ ಪಾತ್ರೆಯನ್ನು ಅಲ್ಲಾಡಿಸಿ ನೋಡುತ್ತ ನಿಂತಿದ್ದಳು. ಸಂಜೆ ಹೆಪ್ಪು ಹಾಕಿದ್ದ ಹಾಲು ಬೆಳಗಾದರೂ ಹಾಲಾಗಿಯೇ ಉಳಿದಿತ್ತು. ಅಷ್ಟರಲ್ಲಿ ಬಾಗಿಲ ಮುಂದೆ ಸೈಕಲ್ಲು ನಿಂತ ಸದ್ದಾಯಿತು. ಎತ್ತರದ, ತೆಳ್ಳಗಿನ ತರುಣನೊಬ್ಬ ಖಾಲಿ ಕ್ಯಾನು ಹಿಡಿದುಕೊಂಡು ಹೊಸ್ತಿಲ ಹೊರಗೇ ನಿಂತ.

"ಅಕ್ಕಾರ, ನಿನ್ನಿ ಹಾಲು ಹೆಪ್ಪಾಗಿಲ್ಲ, ಹೌದಲ್ರಿ?"

"ನಿನಗ್ಯಾರು ಹೇಳಿದ್ರು?" ಎಂದಳು ನನ್ನ ಹೆಂಡತಿ.

"ಯಾರೂ ಹೇಳಿಲ್ರಿ. ನಾ ಕಾಳವ್ವನ ಮಗಾ, ದ್ಯಾಮಣ್ಣ. ನಮ್ಮ ದೊಡ್ಡೆಮ್ಮಿ ಕೆಚ್ಚಲ ಬಾತಿತ್ತು. ಡಾಕ್ಟರು ಸೂಜಿ ಮಾಡಿ, ಇದರ ಹಾಲು ಈಗ ಯಾರಿಗೂ ಹಾಕಬ್ಯಾಡ್ರಿ ಅಂದಿದ್ರು. ನಾ ನಸಿಕಿನ್ಯಾಗ ಹಿಂಡಿ ಎಲ್ಲಾ ಒಂದ ಕ್ಯಾನಿನ್ಯಾಗ ಸುರುವಿಬಿಟ್ಟೆ. ಇವತ್ತ ಅವ್ವ ತನ್ನ ಗಡಿಗಿ ನೋಡಿ ಹಿಡಕೊಂಡಳ್ರಿ."

"ತಪ್ಪ ಹಿಡಕೊಂಡಳೋ, ನಿನ್ನ ಹಿಡಕೊಂಡಳೋ?"

"ಕಿವಿ ಹಿಡಕೊಂಡಳ್ರಿ. ಹಾಲು ಹಾಕಿದ ಮನಿಗೆಲ್ಲಾ ಹೋಗು, ವಾಪಸ್ ತಗೊಂಡ ಬಾ, ಅಲ್ಲೀತನಾ ನಿನಗ ರೊಟ್ಟಿ ಇಲ್ಲ ಅಂದಾಳ್ರಿ."

ನನ್ನ ಹೆಂಡತಿ ನಕ್ಕು, ಅವಲಕ್ಕಿ ಕಲಸಿಕೊಡಲು ಹೋದಳು. ಅವನು ಒಲ್ಲೆನೆಂದ. ಹಾಲನ್ನು ಕ್ಯಾನಿಗೆ ಸುರಿದುಕೊಳ್ಳುತ್ತ, ಹೆಪ್ಪು ಎಂದರೆ ಜೀವ ಇರುವಂಥದೆಂದೂ, ಔಷಧ ಬಿದ್ದ ಹಾಲಿನಲ್ಲಿ ಅದು ಸಾಯುತ್ತದೆಂದೂ ವಿವರಿಸಿದ. "ಹೆಪ್ಪು ಸುಳ್ಳು ಹೇಳೂದಿಲ್ಲ ಅಂತಾಳ್ರಿ ನಮ್ಮವ್ವ" ಎಂದು ಹೇಳಿ ಸೈಕಲ್ಲು ಏರಿದ. ಓಣಿಯ ತುದಿಯಲ್ಲಿ ಇಳಿದು, ಕ್ಯಾನಿನಲ್ಲಿ ಕೂಡಿದ್ದ ಅಷ್ಟೂ ಹಾಲನ್ನು ಗಟಾರಕ್ಕೆ ಸುರಿದು ಹೋದುದನ್ನು ನಾನು ಕಿಟಕಿಯಿಂದ ಕಂಡೆ. ಒಳ್ಳೆಯ ಹುಡುಗ ಎಂದುಕೊಂಡೆ. ಆ ಗಟಾರ ಎಲ್ಲಿಗೆ ಹೋಗುತ್ತದೆ ಎಂಬ ವಿಚಾರ ಆಗ ಅವನಿಗೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

ಅಂದಿನಿಂದ ಅವನು ನಮ್ಮ ಮನೆಯ ಬಳಕೆಯವನಾದ. ಮುಂದೆ ಎಷ್ಟೋ ವರ್ಷಕ್ಕೆ ಕಾಳವ್ವ ತೀರಿಕೊಂಡಳು. ಎಮ್ಮೆ ಮೇಯುತ್ತಿದ್ದ ಬಯಲುಗಳಲ್ಲಿ ಕಲ್ಲು ನೆಟ್ಟು ಸೈಟು ಮಾಡಿದರು. ದ್ಯಾಮಣ್ಣ ಒಂದೊಂದೇ ಎಮ್ಮೆ ಮಾರುತ್ತ ಬಂದ. ಕೊನೆಗೆ ಉಳಿದ ದೊಡ್ಡೆಮ್ಮೆಯ ಮಗಳನ್ನು ಹನುಮವ್ವ ಎಂಬವಳಿಗೆ ಕೊಟ್ಟ. ಹನುಮವ್ವ ಕಾಳವ್ವನ ಗೆಳತಿ. ಹುಬ್ಬಳ್ಳಿ–ಧಾರವಾಡ ನಡುವೆ, ಬೈಪಾಸಿನ ಹತ್ತಿರ, ಒಂದು ದೊಡ್ಡ ದವಾಖಾನೆಯ ಹಿಂದೆ ತಗಡಿನ ಕೊಟ್ಟಿಗೆ ಹಾಕಿಕೊಂಡು ಹಾಲು ಮಾರುತ್ತಿದ್ದಳು. ಎಮ್ಮೆಯನ್ನು ಬಿಟ್ಟುಬರಲು ಹೋದಾಗ ದ್ಯಾಮಣ್ಣನ ಬಾಡಿದ ಮುಖ ನೋಡಿ ಅವಳೇ ಅವನಿಗೊಂದು ಕೆಲಸಕ್ಕಾಗಿ ದವಾಖಾನೆಯಲ್ಲಿ ವಿಚಾರಿಸಿದಳು. ಅಲ್ಲಿಯ ಹೊಲಸು ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಅವನಿಗೆ ಕೆಲಸ ಸಿಕ್ಕಿತು.

ಆ ಘಟಕವನ್ನು ನೋಡಿಕೊಳ್ಳುವ ಇಂಜಿನಿಯರು ಪ್ರಭಾವತಿ. ಹೆಬ್ಬಳ್ಳಿಯವಳು, ನಾನು ಮಾಸ್ತರನಾಗಿದ್ದ ಶಾಲೆಯಲ್ಲಿ ಓದಿದವಳು. ಹೀಗಾಗಿ ಅಲ್ಲಿಯ ಸುದ್ದಿ ನನಗೆ ಎರಡು ಬಾಯಿಂದ ಬರುತ್ತಿತ್ತು. ಮೊದಲ ದಿನ ಅವಳು ದ್ಯಾಮಣ್ಣನನ್ನು ದೊಡ್ಡ ತೊಟ್ಟಿಯ ಕಟ್ಟೆಯ ಮೇಲೆ ನಿಲ್ಲಿಸಿ, "ಇದ್ರಾಗ ಕಣ್ಣಿಗೆ ಕಾಣದ ಜೀವ ಅದಾವು. ಹೊಲಸು ತಿಂದು ನೀರು ತಿಳಿ ಮಾಡ್ತಾವು. ಅವಕ್ಕ ಗಾಳಿ ಬೇಕು, ಊಟ ಬೇಕು. ಔಷಧ ಮಾತ್ರ ಬ್ಯಾಡ" ಎಂದು ತಿಳಿಸಿದಳಂತೆ.

"ಹೆಪ್ಪಿನಂಗ ಅನ್ರಿ."

"ಹೌದು, ಹೆಪ್ಪಿನಂಗ."

"ಹೌದು ಅಂದದ್ದ ನನ್ನ ತಪ್ಪು ಸರ್" ಎಂದು ಅವಳು ಮುಂದೆ ಎಷ್ಟೋ ಸಲ ನನ್ನೆದುರು ನಕ್ಕಿದ್ದಾಳೆ.

ಒಂದು ದೀಪಾವಳಿಯ ಮುಂಚೆ ದವಾಖಾನೆಯ ಯಾವುದೋ ಕೋಣೆಯಲ್ಲಿ ಕಪಾಟು ಸ್ವಚ್ಛ ಮಾಡಿದವರು ಅವಧಿ ಮುಗಿದ ಔಷಧದ ಬಾಟಲಿಗಳನ್ನು ಬಚ್ಚಲಿಗೆ ಸುರಿದರು. ತೊಟ್ಟಿಯಲ್ಲಿಯ ಜೀವವೆಲ್ಲ ಸತ್ತು, ನೀರು ಬೂದಿ ಬಣ್ಣಕ್ಕೆ ತಿರುಗಿ ನಾರತೊಡಗಿತು. ಪ್ರಭಾವತಿ ಹುಬ್ಬಳ್ಳಿಯ ಇನ್ನೊಂದು ಘಟಕದವರನ್ನು ಕೇಳಿಕೊಂಡು, ಅಲ್ಲಿಯ ತೊಟ್ಟಿಯ ಜೀವಂತ ರಾಡಿಯನ್ನು ಒಂದು ಟ್ಯಾಂಕರಿನಲ್ಲಿ ತರಿಸಿದಳು. ತರಲು ಹೋದವರು ದ್ಯಾಮಣ್ಣ ಮತ್ತು ಟ್ಯಾಂಕರಿನ ಚಾಲಕ ಮೆಹಬೂಬ. ತಿರುಗಿ ಬರುವಾಗ ನವನಗರದ ಹತ್ತಿರ ಗಾಡಿಗಳು ಸಿಕ್ಕಿಕೊಂಡು ನಿಂತವು. ದ್ಯಾಮಣ್ಣ ಸುಮ್ಮನೆ ಕೂಡಲಿಲ್ಲ.

"ಮೆಹಬೂಬ, ಲಗೂ ಹೊಡಿ. ದೀಪ ಹಚ್ಚೂದ್ರಾಗ ಮುಟ್ಟಬೇಕು. ಹೊತ್ತ ಮುಳುಗಿದ ಮ್ಯಾಲೆ ಹೆಪ್ಪ ಕೊಡೂದಿಲ್ಲ, ಇಸಕೊಳ್ಳೂದಿಲ್ಲ."

"ಕಾಕಾ, ಹಿಂದ ಇರೂದು ಗಟಾರದ ರಾಡಿ. ಅದಕ್ಕೂ ಮುಹೂರ್ತ ನೋಡ್ತೀಯೇನು?"

"ರಾಡಿ ಆದ್ರೂ ಹೆಪ್ಪ ಹೆಪ್ಪ."

"ಹಂಗಾರ ಮ್ಯಾಲೊಂದು ಇದ್ದಲಿ ಇಡು" ಎಂದ ಮೆಹಬೂಬ. ದ್ಯಾಮಣ್ಣ ಇಳಿದು ಚಹದಂಗಡಿಯ ಒಲೆಯ ಪಕ್ಕದಿಂದ ಒಂದು ಚೂರು ತಂದು ನಿಜವಾಗಿಯೇ ಟ್ಯಾಂಕರಿನ ಮುಚ್ಚಳದ ಮೇಲೆ ಇಟ್ಟನಂತೆ. ಟ್ಯಾಂಕರು ಹೊತ್ತು ಮುಳುಗುವುದರೊಳಗೆ ಮುಟ್ಟಿತು. ಕೆಲವು ದಿನಗಳಲ್ಲಿ ತೊಟ್ಟಿ ಮತ್ತೆ ಕಂದು ಬಣ್ಣಕ್ಕೆ ಬಂದು, ಮಳೆಗಾಲದ ಮಣ್ಣಿನ ವಾಸನೆ ಬೀರತೊಡಗಿತು. ದ್ಯಾಮಣ್ಣ ನಮ್ಮ ಮನೆಗೆ ಬಂದು ಬಾಣಂತನ ಮುಗಿಸಿದವನಂತೆ ಸುದ್ದಿ ಹೇಳಿದ.

ಅಲ್ಲಿಂದ ಮುಂದೆ ಅವನು ತನ್ನದೇ ಒಂದು ಪರೀಕ್ಷೆ ಸುರು ಮಾಡಿದ. ಶುದ್ಧವಾಗಿ ಹೊರಬರುವ ನೀರನ್ನು ಒಂದು ಚಮಚ ತೆಗೆದು ಉಗುರು ಬೆಚ್ಚಗಿನ ಹಾಲಿಗೆ ಹಾಕುವುದು, ಅದಕ್ಕೆ ಹೆಪ್ಪು ಕೊಡುವುದು. ಬೆಳಿಗ್ಗೆ ಮೊಸರಾಗಿದ್ದರೆ ನೀರಿನಲ್ಲಿ ಔಷಧವಿಲ್ಲ ಎಂದು ಅರ್ಥ. ಹೆಪ್ಪನ್ನು ಹನುಮವ್ವನಲ್ಲಿಂದ ತರುತ್ತಿದ್ದ, ಹಾಲನ್ನೂ ಅಲ್ಲಿಂದಲೇ. ಮೊಸರು ದಿನಾಲು ಆಗುತ್ತಿತ್ತು. ಪ್ರಭಾವತಿ ಒಮ್ಮೆ ಕಂಡು, "ಇದನ್ನ ತಿನ್ನಬ್ಯಾಡ ಮತ್ತ" ಎಂದು ನಕ್ಕು ಹೋದಳು. ಅದನ್ನೇ ಅವನು ನೀರಿಗೆ ಸಾಕ್ಷಿಯೆಂದು ನಂಬಿದ್ದಾನೆ ಎಂಬುದು ಅವಳಿಗೆ ತಿಳಿದಿರಲಿಲ್ಲ.

ಶುದ್ಧ ಮಾಡಿದ ನೀರು ದವಾಖಾನೆಯ ಪಾಯಖಾನೆಗಳಿಗೂ ತೋಟಕ್ಕೂ ಹೋಗುತ್ತಿತ್ತು. ಉಳಿದದ್ದು ಹಿಂದಿನ ಗೋಡೆಯ ಹೊರಗೆ ಒಂದು ತೊಟ್ಟಿಗೆ ಬೀಳುತ್ತಿತ್ತು. ಹಾದಿಬದಿಯ ಗಿಡಗಳಿಗೆ ನೀರು ಹಾಕುವವರು ಅಲ್ಲಿಂದ ಒಯ್ಯುತ್ತಿದ್ದರು. ಮೇಲೆ ಬೋರ್ಡು: ಕುಡಿಯಲು ಯೋಗ್ಯವಲ್ಲ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಹನುಮವ್ವನ ಕೊಟ್ಟಿಗೆಯ ಹತ್ತಿರದ ಬೋರು ಬತ್ತಿತು. ಅವಳು ಮೂರೂ ಎಮ್ಮೆಗಳನ್ನು ಆ ತೊಟ್ಟಿಯ ಹತ್ತಿರ ನಿಲ್ಲಿಸಿಕೊಂಡು ದ್ಯಾಮಣ್ಣನನ್ನು ಕರೆಯಿಸಿದಳು.

"ಈ ನೀರು ಎಮ್ಮಿಗೆ ಕುಡಸಬಹುದೇನೋ?"

"ಬೋರ್ಡ್ ಹಾಕ್ಯಾರಲ್ಲ ಹನಮಕ್ಕ."

"ಬೋರ್ಡ್ ನನಗೂ ಓದಾಕ ಬರ್ತೈತಿ. ನಾ ಬೋರ್ಡಿಗೆ ಕೇಳಾಕ ಬಂದಿಲ್ಲ. ಕಾಳವ್ವನ ಮಗಗ ಕೇಳಾಕ ಬಂದೇನಿ. ನೀ ಹೌದಂದ್ರ ಕುಡಸ್ತೇನಿ, ಅಲ್ಲಂದ್ರ ಹೊಡಕೊಂಡ ಹೋಗ್ತೇನಿ."

ಅವನು ಒಂದು ವಾರ ತಡೆ ಎಂದ. ಆ ವಾರವೆಲ್ಲ ಹೆಪ್ಪು ಹಾಕಿ ನೋಡಿದ. ಮೊಸರು ಬಟ್ಟಲು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗಿತ್ತು. "ಕುಡಸು" ಎಂದ.

ಎಮ್ಮೆಗಳು ಕುಡಿದವು. ಅವಕ್ಕೆ ಏನೂ ಆಗಲಿಲ್ಲ. ಇದನ್ನು ಕಂಡು ಹಿಂದಿನ ಓಣಿಯ ಹೆಂಗಸರು ಪಾತ್ರೆ ತಿಕ್ಕಲು ಅದೇ ನೀರು ಒಯ್ಯತೊಡಗಿದರು. ಒಬ್ಬಳು ಮೆಂತ್ಯ ಸೊಪ್ಪು ತೊಳೆಯಲು ಒಯ್ದಳು. ಯಾರಾದರೂ ಸಂಶಯ ತೆಗೆದರೆ, "ದ್ಯಾಮಣ್ಣ ಹೆಪ್ಪ ಹಾಕಿ ನೋಡ್ಯಾನ" ಎಂಬ ಒಂದೇ ಮಾತು. ಅವನೂ ಅದನ್ನು ಕೇಳಿ ಹಿಗ್ಗಿದ. ನಮ್ಮ ಮನೆಗೆ ಬಂದಾಗ, "ಅವ್ವ ಇದ್ದಿದ್ರ ಖುಷಿ ಪಡ್ತಿದ್ಲು" ಎಂದಿದ್ದ.

ಆ ಬೇಸಿಗೆಯಲ್ಲಿಯೇ ಘಟಕಕ್ಕೆ ಹೊಸ ಯಂತ್ರ ಕೂಡಿಸುವ ಮಾತು ನಡೆದಿತ್ತು. ಅದಕ್ಕಿಂತ ಮೊದಲು ನೀರು ಹೇಗಿದೆ ಎಂದು ತಿಳಿಯಲು ಪ್ರಭಾವತಿ ಸೀಸೆಗಳಲ್ಲಿ ನೀರು ತುಂಬಿ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದಳು. ವರದಿ ಬಂದ ದಿನ ದ್ಯಾಮಣ್ಣನನ್ನು ಕರೆದು ಹೇಳಿದಳು.

"ನೋವಿನ ಗುಳಿಗಿ, ಸಕ್ಕರಿ ಗುಳಿಗಿ, ಫಿಟ್ಸಿನ ಗುಳಿಗಿ, ಮೂರೂ ಅದಾವು ದ್ಯಾಮಣ್ಣ, ನಮ್ಮ ತಿಳಿ ನೀರಿನ್ಯಾಗ."

"ಎಲ್ಲಿಂದ ಬಂದ್ವು? ಆ ದೀಪಾವಳಿ ಆದ ಮ್ಯಾಲೆ ಯಾರೂ ಸುರುವೂದಿಲ್ಲಲ್ರಿ."

"ಸುರುವೂದು ಬೇಕಾಗಿಲ್ಲ. ನುಂಗಿದ್ದೆಲ್ಲಾ ಮೈಗೆ ಹತ್ತೂದಿಲ್ಲ. ಉಳಿದದ್ದು ಪಾಯಖಾನಿ ಹಾದಿ ಹಿಡೀತೈತಿ. ಅದನ್ನ ತಿಂದು ಮುಗಸಾಕ ನಮ್ಮ ತೊಟ್ಯಾನ ಜೀವಕ್ಕ ಬರೂದಿಲ್ಲ."

"ಎಷ್ಟ ಐತ್ರಿ?"

"ನೋವಿನ ಗುಳಿಗಿ ಅಂದ್ರ, ಹತ್ತ ಟ್ಯಾಂಕರ್ ನೀರಿನ್ಯಾಗ ಒಂದ ಗುಳಿಗಿ ಕರಗಿಸಿದಷ್ಟು ಅನ್ನು."

ದ್ಯಾಮಣ್ಣನಿಗೆ ನಗೆ ಬಂತು. ಅಷ್ಟಕ್ಕೆ ಇಷ್ಟು ಮಾತೇ ಎಂದುಕೊಂಡ. "ಆದ್ರ ಹೆಪ್ಪ ಆಗೈತಲ್ರಿ ಮೇಡಮ್ಮರ. ಔಷಧ ಇದ್ರ ಹೆಂಗ ಆಗ್ತಿತ್ತು? ಅದಕ್ಕ ನಾ ಹನಮಕ್ಕಗ ಕುಡಸು ಅಂದದ್ದು."

ಪ್ರಭಾವತಿ ಆಗ ಕೈಯಲ್ಲಿಯ ಕಾಗದ ಕೆಳಗಿಟ್ಟಳು. ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಬಯ್ಯಲಿಲ್ಲ. ಹೆಪ್ಪು ಅಂಜುವುದು ಅದರಂಥ ಜೀವಗಳನ್ನು ಕೊಲ್ಲುವ ಔಷಧಕ್ಕೆ ಮಾತ್ರ, ಅದೂ ಅಷ್ಟು ಇಷ್ಟು ಇದ್ದರೆ ಅದಕ್ಕೆ ತಿಳಿಯುವುದಿಲ್ಲ, ಮೈಕೈ ನೋವಿನ ಗುಳಿಗೆಯಿಂದ ಹೆಪ್ಪಿಗೆ ಏನೂ ಆಗಬೇಕಾಗಿಲ್ಲ ಎಂದು ಹೇಳಿದಳು. ದ್ಯಾಮಣ್ಣ ಒಪ್ಪಲಿಲ್ಲ.

"ನಿಮ್ಮ ಅಮ್ಮಿನಬಾವ್ಯಾಗ ಸಣ್ಣವ ಇದ್ದಾಗ ರಣಹದ್ದು ಬರ್ತಿದ್ವೇನು, ಸತ್ತ ದನ ತಿನ್ನಾಕ?"

"ಹಿಂಡ ಹಿಂಡ ಬರ್ತಿದ್ವು."

"ಈಗ?"

"ಒಂದೂ ಇಲ್ಲ. ಎಲ್ಲಿ ಹೋದ್ವೋ ಏನೋ."

"ದನಕ್ಕ ನೋವಿಗೆ ಅಂತ ಇಂಥಾದ ಒಂದು ಔಷಧ ಕೊಡ್ತಿದ್ರು. ದನ ಆರಾಮ ಇರ್ತಿದ್ವು. ಅದನ್ನ ತಿಂದ ಹದ್ದು ಸತ್ವು, ದೇಶದ ತುಂಬಾ. ಯಾಕ ಸಾಯಾಕತ್ತಾವು ಅಂತ ಗೊತ್ತಾಗಾಕ ಭಾಳ ವರ್ಷ ಹಿಡೀತು. ಅದು ದೊಡ್ಡ ಡೋಸು, ಇದು ಚೂರು. ಎರಡೂ ಒಂದ ಅಂತ ನಾ ಅನ್ನೂದಿಲ್ಲ. ಹನಮಕ್ಕನ ಎಮ್ಮಿಗೆ ಏನರ ಆಗ್ತೈತಿ ಅಂತನೂ ಅನ್ನೂದಿಲ್ಲ. ಆಗೂದಿಲ್ಲ ಅಂತನೂ ನನಗ ಅನ್ನಾಕ ಬರೂದಿಲ್ಲ. ನೀ ಮಾತ್ರ ಆಗೂದಿಲ್ಲ ಅಂತ ಹೇಳಿಬಿಟ್ಟಿ."

ಅವನು ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡುವುದರೊಳಗೆ ಕೇಳಿದ.

"ಅಕ್ಕಾರ, ನಿಮ್ಮ ಮನ್ಯಾಗ ಗುಳಿಗಿ ಅದಾವೇನ್ರಿ?"

"ನಮ್ಮ ಮನ್ಯಾಗ ಕಡಿಮಿ ಇಲ್ಲದ್ದು ಅದೊಂದ ನೋಡು" ಎಂದಳು ನನ್ನ ಹೆಂಡತಿ. "ಯಾವುದು ಬೇಕು, ನನ್ನ ಮಂಡಿದೋ, ಇವರ ಸಕ್ಕರಿದೋ? ಹಲ್ಲ ಕೀಳಿಸಿದಾಗ ಕೀವಾಗಬಾರದಂತ ಕೊಟ್ಟಿದ್ದೂ ಉಳದಾವ."

ಅವನು ಮೂರನ್ನೂ ಬೇಡಿದ. ಅಡಿಗೆಮನೆಯ ಕಟ್ಟೆಯ ಮೇಲೆ ನಾಲ್ಕು ಬಟ್ಟಲುಗಳಲ್ಲಿ ಬೆಚ್ಚಗಿನ ಹಾಲು ಹಾಕಿಸಿ, ಒಂದನ್ನು ಹಾಗೆಯೇ ಬಿಟ್ಟು, ಉಳಿದ ಮೂರಕ್ಕೆ ಮೂರು ಗುಳಿಗೆಗಳನ್ನು ಪುಡಿ ಮಾಡಿ ಕಲಸಿದ. ನಾಲ್ಕಕ್ಕೂ ನಮ್ಮ ಮನೆಯ ಹೆಪ್ಪು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಂದು ಮುಚ್ಚಳ ತೆಗೆದ. ಹಲ್ಲಿನ ಗುಳಿಗೆಯ ಬಟ್ಟಲಿನಲ್ಲಿ ಹಾಲು ಹಾಲಾಗಿಯೇ ಇತ್ತು. ಏನೂ ಹಾಕದ ಬಟ್ಟಲಿನಲ್ಲಿ ಮೊಸರಾಗಿತ್ತು. ಮಂಡಿಯ ಗುಳಿಗೆಯ ಬಟ್ಟಲಿನಲ್ಲಿಯೂ ಆಗಿತ್ತು, ಸಕ್ಕರೆಯ ಗುಳಿಗೆಯ ಬಟ್ಟಲಿನಲ್ಲಿಯೂ ಆಗಿತ್ತು. ಅವನು ಮಂಡಿಯ ಗುಳಿಗೆಯ ಬಟ್ಟಲನ್ನು ಅಂಗೈ ಮೇಲೆ ಬೋರಲು ಹಾಕಿದ. ಮೊಸರು ಅಲುಗಲಿಲ್ಲ. ಗಟ್ಟಿ ಮೊಸರು ಕಂಡು ಮುಖ ಬಾಡಿದವನನ್ನು ನಾನು ನೋಡಿದ್ದು ಅದೊಂದೇ ಸಲ.

"ಹತ್ತ ಟ್ಯಾಂಕರಿಗೆ ಒಂದ ಅಲ್ಲ. ಒಂದ ಬಟ್ಟಲಿಗೆ ಒಂದ ಗುಳಿಗಿ ಹಾಕಿದ್ರೂ ಇದಕ್ಕ ಗೊತ್ತಾಗಿಲ್ರಿ" ಎಂದ.

"ಹೆಪ್ಪು ಸುಳ್ಳು ಹೇಳೂದಿಲ್ಲ ಅಂತಿದ್ದೆಲ್ಲೋ" ಎಂದಳು ನನ್ನ ಹೆಂಡತಿ, ಮೆಲ್ಲಗೆ.

"ಸುಳ್ಳು ಹೇಳಿಲ್ರಿ ಅಕ್ಕಾರ. ತನಗ ಗೊತ್ತಿದ್ದಷ್ಟ ಹೇಳೈತಿ. ಗೊತ್ತಿಲ್ಲದ್ದನ್ನೂ ನಾ ಅದರ ಬಾಯಾಗ ತುರುಕಿದೆ."

ಅವಳು ಬಟ್ಟಲುಗಳನ್ನು ಬಚ್ಚಲಿಗೆ ಒಯ್ದಳು. ಅವನು ಹಿಂದೆಯೇ ಹೋಗಿ ತಡೆದ. "ಅಲ್ಲಿ ಸುರುವಬ್ಯಾಡ್ರಿ. ನನ್ನ ಹತ್ರ ಬರದಿದ್ರ ನನ್ನಂಥಾ ಇನ್ನೊಬ್ಬನ ಹತ್ರ ಹೋಗ್ತೈತಿ." ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ತನ್ನ ಚೀಲದಲ್ಲಿ ಇಟ್ಟುಕೊಂಡ. ದವಾಖಾನೆಯಲ್ಲಿ ಬೇಡಾದ ಔಷಧ ಸುಡಲು ಕಳಿಸುವ ಪೆಟ್ಟಿಗೆ ಇತ್ತು.

ಆಮೇಲೆ ಪಡಸಾಲೆಗೆ ಬಂದು ಕುಳಿತ. ಅವನ ಕಷ್ಟ ನಮಗೆ ತಿಳಿಯುತ್ತಿತ್ತು. ಹೊಸ ಯಂತ್ರ ಬರಲು ಮಳೆಗಾಲ ಮುಗಿಯಬೇಕು. ಅಲ್ಲಿಯವರೆಗೆ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎಮ್ಮೆಗಳು ಚೆನ್ನಾಗಿವೆ. ಹೇಳಿದರೆ ಈ ಬಿಸಿಲಿನಲ್ಲಿ ಹನುಮವ್ವ ನೀರಿಗೆ ಎಲ್ಲಿಗೆ ಹೋಗಬೇಕು? ಅಲ್ಲದೆ, ಕಾಳವ್ವನ ಮಗ ಎಂದು ಅವಳು ಇಟ್ಟ ಭರವಸೆ ಅಂದಿಗೇ ಮುಗಿಯಿತು.

ನನ್ನ ಹೆಂಡತಿ ಒಂದು ತಾಟಿನಲ್ಲಿ ರೊಟ್ಟಿ, ಪಲ್ಯ ತಂದು ಮುಂದಿಟ್ಟಳು. "ಮೊದ್ಲ ತಿನ್ನು. ಆಮ್ಯಾಲೆ ವಿಚಾರ ಮಾಡು."

ಅವನು ತಾಟನ್ನು ನೋಡಿದ. ಅವನಿಗೂ ಅವಳಿಗೂ ಒಮ್ಮೆಲೇ ಅದೇ ಹಳೆಯ ದಿನ ನೆನಪಾಗಿರಬೇಕು. "ಬ್ಯಾಡ್ರಿ ಅಕ್ಕಾರ" ಎಂದ. "ವಾಪಸ್ ತಗೊಂಡ ಬರೂತನಾ ರೊಟ್ಟಿ ಇಲ್ಲ." ಎದ್ದು ಹೋದ.

ಹನುಮವ್ವ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಮುಂದಿನದನ್ನು ಅವನೇ ನಮಗೆ ಹೇಳಿದ.

"ಹನಮಕ್ಕ, ಆ ನೀರು ಬಂದ್ ಮಾಡು."

"ಯಾಕ, ಎಮ್ಮಿ ಹೆಸರಿಲೆ ಬಿಲ್ ಬಂತೇನು?"

"ನಾ ಹೇಳಿದ್ದು ತಪ್ಪಾಗೈತಿ. ಅದ್ರಾಗ ಔಷಧ ಐತಿ."

ಅವಳು ಕಸಬರಿಗೆಯನ್ನು ನೆಟ್ಟಗೆ ಹಿಡಿದು ನಿಂತಳು. "ನನ್ನೆಮ್ಮಿ ಬ್ಯಾನಿ ಬಿದ್ದಾವೇನು?"

"ಇಲ್ಲ."

"ಹಾಲು ಕಡಿಮಿ ಆಗೈತೇನು?"

"ಇಲ್ಲ."

"ಹೆಪ್ಪ ಆಗವಲ್ದೇನು?"

"ಆಗ್ತೈತಿ. ಅದ ತಪ್ಪ ನೋಡು. ಔಷಧ ಇದ್ರೂ ಆಗ್ತೈತಿ."

"ಮತ್ತ ಏನಾಗ್ತೈತಿ ಕುಡದ್ರ?"

"ನನಗ ಗೊತ್ತಿಲ್ಲ. ಗೊತ್ತೈತಿ ಅಂತ ನಿನಗ ಹೇಳಿದ್ದೆ. ಆ ಮಾತ ವಾಪಸ್ ಒಯ್ಯಾಕ ಬಂದೇನಿ."

"ನಿಮ್ಮವ್ವ ಹಾಲು ವಾಪಸ್ ತರಸ್ತಿದ್ಲು" ಎಂದಳು ಹನುಮವ್ವ. "ಮರುದಿನ ಬ್ಯಾರ ಹಾಲು ಹಾಕ್ತಿದ್ಲು. ನೀ ಮಾತ ಒಯ್ದ್ರ ನನ್ನೆಮ್ಮಿಗೆ ನಾಳಿ ಏನ್ ಹಾಕ್ತಿ?"

ಅವಳು ಎಮ್ಮೆಗಳ ಕಡೆಗೆ ತಿರುಗಿ, "ನಾಳಿಂದ ಹೆಪ್ಪಿಗೆ ನಮ್ಮ ಮನಿಗೆ ಬರಬ್ಯಾಡ" ಎಂದಳು. ಈ ಕಡೆಯ ಹೆಣ್ಣುಮಕ್ಕಳಲ್ಲಿ ಜಗಳವಾದರೂ ಹೆಪ್ಪು ನಿಲ್ಲಿಸುವುದಿಲ್ಲ. ಹೆಪ್ಪು ನಿಲ್ಲಿಸಿದರೆಂದರೆ ಬಳಕೆ ಮುಗಿಯಿತೆಂದೇ ಅರ್ಥ.

ಅಂದು ಸಂಜೆಯಿಂದ ಅವನು ಗೋಡೆಯ ಹೊರಗಿನ ತೊಟ್ಟಿಯ ಹತ್ತಿರ ನಿಂತು, ಬಿಂದಿಗೆ ತಂದವರಿಗೆಲ್ಲ ಅದೇ ಮಾತು ಹೇಳಿದ. ಕೆಲವರು ನಕ್ಕರು. "ಆಗ ಹೆಪ್ಪು, ಈಗ ಗುಳಿಗಿ, ನಾಳಿ ಏನ್ ಹಾಕಿ ನೋಡ್ತಿ ದ್ಯಾಮಣ್ಣ?" ಎಂದು ಮೆಂತ್ಯ ಸೊಪ್ಪಿನವಳು ಕೇಳಿದಳು. ಅವನು ತಲೆ ತಗ್ಗಿಸಿ, "ಏನೂ ಹಾಕೂದಿಲ್ಲವಾ. ಕಾಗದ ಬಂದ್ರ ಓದಿ ಹೇಳ್ತೇನಿ" ಎಂದ.

ಪ್ರಭಾವತಿ ದವಾಖಾನೆಯವರೊಂದಿಗೆ ಮಾತಾಡಿ, ಕುಡಿಯುವ ನೀರಿನ ಒಂದು ನಲ್ಲಿಯನ್ನು ಬೆಳಗಿನ ಹೊತ್ತು ಎಮ್ಮೆಗಳಿಗೆಂದು ಬಿಡಿಸಿಕೊಂಡಳು. ದ್ಯಾಮಣ್ಣ ಕೆಲಸದ ಹೊತ್ತಿಗಿಂತ ಮೊದಲು ಬಂದು ಎರಡು ಬ್ಯಾರಲ್ಲು ತುಂಬಿ, ಕೈಗಾಡಿಯಲ್ಲಿ ನೂಕಿಕೊಂಡು ಕೊಟ್ಟಿಗೆಗೆ ಮುಟ್ಟಿಸುತ್ತಿದ್ದ. ಹನುಮವ್ವ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಾತೆಲ್ಲ ಎಮ್ಮೆಯ ಕೂಡ. "ಏಳವಾ, ಏಳು. ನಿಮ್ಮ ಡಾಕ್ಟರು ಬಂದ್ರು. ಇವತ್ತ ಏನ್ ಕುಡೀ ಅಂತಾರೋ ಕೇಳು." ಬೇಸಿಗೆ ಹೀಗೆ ಕಳೆಯಿತು. ಮಳೆ ಬಂದು ಬೋರಿಗೆ ನೀರು ಬಂದಮೇಲೂ ಅವನು ಗಾಡಿ ನೂಕುವುದನ್ನು ಬಿಡಲಿಲ್ಲ, ಅವಳೂ ಸಾಕು ಎನ್ನಲಿಲ್ಲ.

ದಸರೆಯ ಸುಮಾರಿಗೆ ಹೊಸ ಯಂತ್ರ ಬಂದಿತು. ನಾನೂ ನೋಡಲು ಹೋಗಿದ್ದೆ. ಮೊದಲು ಒಂದು ತೊಟ್ಟಿಯಲ್ಲಿ ಓಝೋನ್ ಎಂಬ ಗಾಳಿಯನ್ನು ನೀರೊಳಗೆ ಗುಳ್ಳೆಗುಳ್ಳೆಯಾಗಿ ಬಿಡುತ್ತಾರೆ. ಅದು ಔಷಧದ ಕಣಗಳನ್ನು ಒಡೆಯುತ್ತದೆ. ಆಮೇಲೆ ಆ ನೀರು ಎತ್ತರದ ಉಕ್ಕಿನ ಕಂಬಗಳೊಳಗೆ ಇಳಿಯುತ್ತದೆ. ಕಂಬಗಳ ತುಂಬ ಇದ್ದಲಿಯ ಕಾಳು. ಒಡೆಯದೆ ಉಳಿದದ್ದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ದ್ಯಾಮಣ್ಣ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಆಡಿಸಿದ.

"ನಮ್ಮವ್ವ ಒಂದ ಚೂರ ಇಡ್ತಿದ್ಲು ಮಾಸ್ತರ್ರ. ಇವ್ರು ಲಾರಿ ತುಂಬಾ ತಂದಾರ."

"ಲಾರಿ ತುಂಬಾ ಇದ್ರೂ ಒಂದ ದಿನ ತುಂಬಿ ಹೋಗ್ತೈತಿ" ಎಂದಳು ಪ್ರಭಾವತಿ. "ಆಗ ಬದಲಿ ಮಾಡಬೇಕು. ತುಂಬಿದ ಇದ್ದಲಿ ನೋಡಾಕ ಹಿಂಗ ಇರ್ತೈತಿ, ಕಣ್ಣಿಗೆ ಗೊತ್ತಾಗೂದಿಲ್ಲ."

"ಹೆಪ್ಪ ಹಾಕಿ ನೋಡಿದ್ರ ಹೆಂಗ್ರಿ?" ಎಂದ ದ್ಯಾಮಣ್ಣ. ಅವಳು ಗಾಬರಿಯಾಗಿ ತಿರುಗಿದಳು. ಅವನು ನಗುತ್ತಿದ್ದ. ಬೇಸಿಗೆಯಿಂದ ಅವನು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಚಳಿಗಾಲದಲ್ಲಿ ಹೊಸ ವರದಿ ಬಂತು. ಹುಡುಕಿದ ಔಷಧಗಳಲ್ಲಿ ಬಹಳಷ್ಟು ಪ್ರಯೋಗಾಲಯದ ಯಂತ್ರಕ್ಕೆ ಕಾಣದಷ್ಟು ಕಡಿಮೆಯಾಗಿದ್ದವು. ಒಂದೆರಡು ಮಾತ್ರ ಇನ್ನೂ ಎಳೆಯಷ್ಟು ಉಳಿದಿದ್ದವು. ದ್ಯಾಮಣ್ಣ ಅದನ್ನು ಪ್ರಭಾವತಿಯಿಂದ ಎರಡು ಸಲ ಓದಿಸಿಕೊಂಡು, ಕೆಲಸ ಮುಗಿಸಿ ಹನುಮವ್ವನ ಕೊಟ್ಟಿಗೆಗೆ ಹೋದ. ಬೇಸಿಗೆಯಿಂದ ಈಚೆಗೆ ಅವನು ಗಾಡಿ ಇಲ್ಲದೆ ಅಲ್ಲಿಗೆ ಹೋದದ್ದು ಅದೇ ಮೊದಲು.

"ಹನಮಕ್ಕ, ಆ ತೊಟ್ಟಿ ನೀರಿಲೆ ಎಮ್ಮಿ ಮೈ ತೊಳಿ. ಮೇವಿನ ಪಟ್ಟಿಗೆ ಬಿಡು. ಕುಡಸಬ್ಯಾಡ."

ಅವಳು ಬಹಳ ದಿನದ ಮೇಲೆ ಅವನ ಮುಖ ನೋಡಿ ಮಾತಾಡಿದಳು. "ಮನಿಯಷ್ಟು ಎತ್ತರ ಮಶಿನ್ ತಂದಾರ. ಇನ್ನೂ ಕುಡಸಬ್ಯಾಡ ಅಂತಿಯಲ್ಲ?"

"ಗುಳಿಗಿ ಭಾಳ ಮಟ್ಟಿಗೆ ಕಾಣವಲ್ವು ಅಂತ ಬರದಾರ. ಕುಡ್ಯಾಕ ಛಲೋ ಅಂತ ಯಾರೂ ಬರದಿಲ್ಲ. ಬರದಷ್ಟ ಹೇಳಾಕ ಬಂದೇನಿ."

"ನಿನಗ ಏನ್ ಅನಸ್ತೈತಿ?"

"ನನಗ ಅನಸಿದ್ದನ್ನ ಕೇಳಿ ಒಮ್ಮೆ ಕೆಟ್ಟಿಯಲ್ಲ."

ಹನುಮವ್ವ ಒಳಗೆ ಹೋದಳು. ಅವನು ಹೊರಡಲು ತಿರುಗಿದ. ಹಿಂದಿನಿಂದ ಕೂಗು ಬಂತು. ಅವಳ ಕೈಯಲ್ಲಿ ಸಣ್ಣ ಬಟ್ಟಲು, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಒಂದು ಇದ್ದಲಿಯ ಚೂರು.

"ತಗೋ. ಪ್ಯಾಟಿ ಹೆಪ್ಪಿನ ಮಸರು ಉಣ್ಣಾಕತ್ತಿಯಂತ, ಮೆಹಬೂಬ ಹೇಳಿದ. ನೀರ ಬಿಡ್ತೈತಂತ. ಲಗೂ ಒಯ್ಯಿ, ಹೊತ್ತ ಮುಳಗಾಕ ಬಂತು."

ದ್ಯಾಮಣ್ಣ ಮರುದಿನ ನಮ್ಮ ಮನೆಗೂ ಆ ಹೆಪ್ಪಿನ ಮೊಸರನ್ನು ತಂದುಕೊಟ್ಟು, ಅಂದು ತಾನಾಗಿಯೇ ಕೇಳಿ ರೊಟ್ಟಿ ಹಾಕಿಸಿಕೊಂಡು ಉಂಡ.

ಈಗ ಅವನ ಕೂದಲು ಹಣ್ಣಾಗಿವೆ. ಕೆಲಸ ಅದೇ. ಇದ್ದಲಿ ಬದಲಿಸುವ ದಿನ ಬಂದರೆ ಮನೆಯಲ್ಲಿ ಹಬ್ಬ ಇದ್ದರೂ ಹೋಗುತ್ತಾನೆ. ನಮ್ಮಲ್ಲಿಗೆ ಬಂದಾಗ ನನ್ನ ಹೆಂಡತಿ ಉಳಿದ ಗುಳಿಗೆಗಳ ಡಬ್ಬಿಯನ್ನು ತಾನೇ ತಂದು ಅವನ ಮುಂದೆ ಇಡುತ್ತಾಳೆ. ನಮ್ಮ ಓಣಿಯ ಇನ್ನೂ ಕೆಲವು ಮನೆಯವರು ಕೊಡುತ್ತಾರೆ. ಅವನು ಅವನ್ನೆಲ್ಲ ಒಯ್ದು ಸುಡುವ ಪೆಟ್ಟಿಗೆಗೆ ಹಾಕುತ್ತಾನೆ. ನೀರು ಹೇಗಿದೆ ಎಂದು ಯಾರಾದರೂ ಕೇಳಿದರೆ, ವರದಿಯಲ್ಲಿ ಇದ್ದಷ್ಟನ್ನೇ ಹೇಳುತ್ತಾನೆ.

ಹೋದ ವಾರ ಬೆಳಿಗ್ಗೆ ನಾನು ಆ ಕಡೆ ಹೋಗಿದ್ದೆ. ಗೋಡೆಯ ಹೊರಗಿನ ತೊಟ್ಟಿಯ ಹತ್ತಿರ ಹನುಮವ್ವ ಸೀರೆ ಎತ್ತಿ ಕಟ್ಟಿಕೊಂಡು ಎಮ್ಮೆಗಳಿಗೆ ನೀರು ಎರಚಿ ಮೈ ತಿಕ್ಕುತ್ತಿದ್ದಳು. ಇನ್ನೊಂದು ಪಕ್ಕದಲ್ಲಿ ದ್ಯಾಮಣ್ಣ ಕೈಗಾಡಿಯ ಬ್ಯಾರಲ್ಲಿನಿಂದ ನಲ್ಲಿಯ ನೀರನ್ನು ಬಕೆಟ್ಟಿಗೆ ಸುರಿದು ಒಂದೊಂದಕ್ಕೂ ಕುಡಿಸುತ್ತಿದ್ದ. ಹೊಟ್ಟೆ ತುಂಬ ಕುಡಿದಮೇಲೆಯೇ ತೊಟ್ಟಿಯ ಹತ್ತಿರ ಬಿಡುವುದು.

"ಎಮ್ಮಿಗೆ ಬೋರ್ಡ್ ಓದಾಕ ಬರೂದಿಲ್ರಿ ಮಾಸ್ತರ್ರ" ಎಂದ. "ಮೊದ್ಲ ಹೊಟ್ಟಿ ತುಂಬಿಸಿಬಿಟ್ರ ಅದರ ಕಡೆ ನೋಡೂದಿಲ್ಲ."

ಆದರೂ ಕಾಳವ್ವನ ದೊಡ್ಡೆಮ್ಮೆಯ ಮಗಳಿಗೆ ಆ ಬೇಸಿಗೆಯ ರುಚಿ ಮರೆತಂತಿರಲಿಲ್ಲ. ಅದು ಮೆಲ್ಲಗೆ ಕುತ್ತಿಗೆ ಚಾಚಿ ತೊಟ್ಟಿಗೆ ಮೂತಿ ಇಳಿಸಿತು. ದ್ಯಾಮಣ್ಣ ಬಕೆಟ್ಟು ಕೆಳಗಿಟ್ಟು ಹೋಗಿ, ಅಂಗೈಯಿಂದ ಅದರ ಮೂತಿಯನ್ನು ಬದಿಗೆ ತಿರುಗಿಸಿ, ಅದು ತಲೆ ಎತ್ತುವವರೆಗೆ ಹಾಗೆಯೇ ಹಿಡಿದುಕೊಂಡು ನಿಂತ.